ನಮ್ಮ ಪಟ್ಟಿಗಳು ಯಾರ ಕೈ ಸೇರ್ತಿವೆ?



ನಮ್ಮ ಸಂಘಟನೆಗಳ ಆಸ್ತಿ ಅಂದ್ರೆ ಏನು? ಬಾಡಿಗೆ ಆಫೀಸು, ನಾಲ್ಕು ಕುರ್ಚಿ, ಬಾಬಾಸಾಹೇಬರ ಫೋಟೋ. ಅದಕ್ಕಿಂತ ದೊಡ್ಡ ಆಸ್ತಿ ಎಕ್ಸೆಲ್ ಶೀಟುಗಳಲ್ಲಿದೆ. ದೌರ್ಜನ್ಯ ಕೇಸುಗಳ ಸಂತ್ರಸ್ತರು, ಸಾಕ್ಷಿಗಳು, ಯಾವ ಕೇರಿ, ಯಾವ ಫೋನ್ ನಂಬರ್, ಎಲ್ಲಾ. ಸಾಕ್ಷಿಗಳ ಹೆಸರು, ವಿಳಾಸವನ್ನು ಸಾರ್ವಜನಿಕ ದಾಖಲೆಗಳಲ್ಲಿ ಮರೆಮಾಡಲು ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ವಿಶೇಷ ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ. ಅದೇ ಹೆಸರುಗಳು ಹತ್ತು ಜನ ಬಳಸೋ ಒಂದು ಹಳೇ ಕಂಪ್ಯೂಟರಿನಲ್ಲಿ ಬಿದ್ದಿರ್ತವೆ.

ಎಕ್ಸೆಲ್ ಬರೀ ಗೆರೆ ಎಳೆದ ಲೆಡ್ಜರ್ ಅಲ್ಲ. ಅದರೊಳಗೆ ಮ್ಯಾಕ್ರೋ ಅನ್ನೋ ಸಣ್ಣ ಪ್ರೋಗ್ರಾಂ ಕೂರಿಸಬಹುದು. ಲೆಕ್ಕ ಸುಲಭ ಮಾಡೋಕೆ ಬಂದದ್ದು. ಆದ್ರೆ ಕಳ್ಳ ತಂತ್ರಾಂಶವನ್ನು ಇಂಟರ್ನೆಟ್ಟಿಂದ ಎಳೆದು ನಿಮ್ಮ ಕಂಪ್ಯೂಟರಿಗೆ ಹಾಕೋದೂ ಅದರಿಂದ ಆಗುತ್ತೆ. ಮೇಲೆ ಹಳದಿ ಪಟ್ಟಿ ಬರುತ್ತಲ್ಲ, 'ಎನೇಬಲ್ ಕಂಟೆಂಟ್' ಅಂತ, ಅದು ಇದಕ್ಕೇ ಕೇಳೋ ಅನುಮತಿ. ಗುಮಾಸ್ತರನ್ನು ಬೈಯೋದು ಸುಲಭ. ಮೇಲಿನಿಂದ ಬರೋ ಎಷ್ಟೋ ನಮೂನೆಗಳು ಅದನ್ನು ಒತ್ತದೆ ಕೆಲಸವೇ ಮಾಡಲ್ಲ, ಕೈಗೆ ಅದೇ ರೂಢಿ.

ಇಂಟರ್ನೆಟ್ಟಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಲ್ಲಿ ತಾನಾಗೇ ತಡೆಯೋಕೆ ಶುರು ಮಾಡ್ತು. ಡೌನ್‌ಲೋಡ್ ಆದ ಫೈಲಿಗೆ ಅಂಟೋ ಒಂದು ಗುರುತು ನೋಡಿ ಅದು ತಡೆಯೋದು. ಬಹುಪಾಲು ಪೆನ್‌ಡ್ರೈವ್‌ಗಳಿಗೆ ಕಾಪಿ ಮಾಡಿದ್ರೆ ಆ ಗುರುತು ಅಳಿಸಿಹೋಗುತ್ತೆ. ನಮ್ಮ ತಾಲೂಕು ಶಾಖೆಗಳು ನಡೀತಿರೋದೇ ಪೆನ್‌ಡ್ರೈವ್ ಮೇಲೆ!

ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು. 2000ದಲ್ಲಿ ತಯಾರಾದ 'ಈಕ್ವೇಶನ್ ಎಡಿಟರ್' ಅನ್ನೋ ಆಫೀಸ್ ಭಾಗದಲ್ಲಿದ್ದ ದೋಷಕ್ಕೆ ತೇಪೆ ಬಿದ್ದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮ್ಯಾಕ್ರೋ ಬೇಡ, ಫೈಲ್ ತೆರೆದರೆ ಸಾಕಿತ್ತು. ಅಪ್‌ಡೇಟ್ ನಿಲ್ಲಿಸಿದ ಕ್ರ್ಯಾಕ್ ಕಾಪಿಗೆ ಇಂಥ ಯಾವ ತೇಪೆಯೂ ಬರಲ್ಲ.

'ನಮ್ಮನ್ನ್ಯಾರು ಹ್ಯಾಕ್ ಮಾಡ್ತಾರೆ ಬಿಡಣ್ಣ' ಅನ್ನೋರಿಗೆ ಭೀಮಾ ಕೋರೆಗಾಂವ್ ಕೇಸು ನೆನಪಿಸ್ತೀನಿ. ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪ್ ಪರಿಶೀಲಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ 2021ರಲ್ಲಿ ಹೇಳಿದ್ದು: 2016ರಲ್ಲಿ ವರವರ ರಾವ್ ಅವರ ಇಮೇಲ್ ಖಾತೆಯಿಂದ ಬಂದ ಫೈಲ್ ತೆರೆದ ಮೇಲೆ 'ನೆಟ್‌ವೈರ್' ಒಳಹೊಕ್ಕಿತು, ಸಾಕ್ಷ್ಯ ಎಂದು ತೋರಿಸಿದ ಪತ್ರಗಳನ್ನು ಆ ದಾರಿಯಿಂದಲೇ ತಂದಿಟ್ಟರು. ಎನ್‌ಐಎ ಇದನ್ನು ಒಪ್ಪಿಲ್ಲ. ಅದು ಎಕ್ಸೆಲ್ ಫೈಲ್ ಅಲ್ಲ ನಿಜ, ಆದ್ರೆ ಉಪಾಯ ಅದೇ: ಗೊತ್ತಿರೋರ ಹೆಸರು, ಜೊತೆಗೊಂದು ಫೈಲು.

ಇದನ್ನು 'ಕಂಪ್ಯೂಟರ್ ಹುಡುಗರ ಕೆಲಸ' ಅಂತ ಬಿಡೋಕಾಗಲ್ಲ, ಇದು ಸಾಕ್ಷಿಗಳ ಜೀವದ ಪ್ರಶ್ನೆ. ಮುಂದಿನ ಜಿಲ್ಲಾ ಸಭೆಯಲ್ಲಿ ಫ್ಲೆಕ್ಸ್ ಖರ್ಚಿನ ಜೊತೆ ಇದನ್ನೂ ಇಡಿ. ಸಾಕ್ಷಿಗಳ ಪಟ್ಟಿ ಇಂಟರ್ನೆಟ್ ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ಇರಲಿ. ಕ್ರ್ಯಾಕ್ ಕಾಪಿ ತೆಗೆದು ಲಿಬ್ರೆ ಆಫೀಸ್ ಹಾಕಿ, ಅದು ಉಚಿತ, ಅಪ್‌ಡೇಟೂ ಬರುತ್ತೆ. ಕೇಳದೇ ಬಂದ ಫೈಲ್ ಆದ್ರೆ, ಕಳಿಸಿದವರಿಗೆ ಫೋನ್ ಮಾಡಿಯೇ ತೆರೆಯಿರಿ, ಅದು ರಾಜ್ಯ ಸಂಚಾಲಕರ ಹೆಸರಲ್ಲೇ ಬಂದಿದ್ರೂ ಸರಿ.