ರೋಲರ್ ಎಳೆದದ್ದು ಸಾಕು, ವಿಷಲ್ ನಮ್ಮ ಕೈಗೂ ಬರಲಿ

ಹಾಸ್ಟೆಲ್ ಗೆಳೆಯರೇ, ಗೆಳತಿಯರೇ,

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕು ತಾಲ್ಲೂಕಿನ ಹಾಸ್ಟೆಲುಗಳಿಗೆ ನಾವು ಹೋದಾಗಲೆಲ್ಲ ಒಬ್ಬನಲ್ಲ ಒಬ್ಬ ಹುಡುಗ ಕೇಳುತ್ತಾನೆ: "ಅಣ್ಣಾ, ನಾನೂ ಪ್ರೊ ಕಬಡ್ಡಿ ಆಡ್ಬೇಕು. ಎಲ್ಲಿಂದ ಶುರು ಮಾಡ್ಲಿ?" ಅವನಿಗೆ ಊರ ದೊಡ್ಡವರು ಕೊಡುವ ಉತ್ತರ ಒಂದೇ: "ನಿನ್ನಲ್ಲಿ ಪ್ರತಿಭೆ ಇದ್ರೆ ತಾನಾಗೇ ಮೇಲೆ ಬರ್ತೀಯ ಬಿಡೋ."

ಈ ಮಾತು ಸುಳ್ಳು. ನಮ್ಮನ್ನು ಬಾಗಿಲಲ್ಲೇ ಕಾಯಿಸಲು ಹುಟ್ಟಿದ ಸುಳ್ಳು.

ಪಲ್ವಂಕರ್ ಬಾಳೂ ಅವರನ್ನು ನೆನೆಯೋಣ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಜಾತಿಯ ಹುಡುಗ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ಚಿಗೆ ರೋಲರ್ ಎಳೆಯುವ, ನೆಟ್ ಕಟ್ಟುವ ಕೂಲಿ. ದೊರೆಗಳ ಬ್ಯಾಟಿಂಗ್ ಅಭ್ಯಾಸಕ್ಕೆ ಗಂಟೆಗಟ್ಟಲೆ ಚೆಂಡು ಎಸೆದರು. ಆಮೇಲೆ ಹಿಂದೂ ತಂಡಕ್ಕೆ ಇವರ ಬೌಲಿಂಗ್ ಬೇಕಾಯಿತು. ಇವರ ಜೊತೆ ಕೂತು ಚಹಾ ಕುಡಿಯುವುದು ಬೇಡವಾಯಿತು. ಚಹಾ ಹೊರಗೆ, ಮಣ್ಣಿನ ಕುಡಿಕೆಯಲ್ಲಿ! 1911ರಲ್ಲಿ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ಕಿತ್ತರು. ಆದರೂ ನಾಯಕತ್ವ ಕೊಡಲಿಲ್ಲ. 1920ರಲ್ಲಿ ಇವರ ತಮ್ಮಂದಿರು ಪ್ರತಿಭಟಿಸಿ ತಂಡದಿಂದ ಹೊರನಡೆದರು. 1923ರಲ್ಲಿ ತಮ್ಮ ವಿಠ್ಠಲ್ ನಾಯಕರಾದರು. ಮುಂದೆ 1937ರ ಚುನಾವಣೆಯಲ್ಲಿ ಬಾಳೂ ಬಾಬಾಸಾಹೇಬರ ಎದುರೇ ನಿಂತು ಸೋತರು. ಅದು ಬೇರೆ ಜಗಳ. ಆಟದ ಬಯಲಲ್ಲಿ ಅವರಿಗಾದ ಅವಮಾನ ನಮ್ಮದೇ.

114 ವಿಕೆಟ್ಟಿಗಿಂತ ದೊಡ್ಡ ಪ್ರತಿಭೆ ಬೇಕಿತ್ತೇನು? ಕೊರತೆ ಪ್ರತಿಭೆಯದ್ದಲ್ಲ. ಆಯ್ಕೆಯ ಮೇಜಿನ ಹಿಂದೆ ನಮ್ಮವರು ಯಾರೂ ಇರಲಿಲ್ಲ.

"ಅದೆಲ್ಲ ಹಳೇ ಕಾಲ" ಅನ್ನುತ್ತೀರಾ? 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸಿನ ಸೆಮಿಫೈನಲ್ ಸೋತಾಗ, ಹಾಕಿ ಆಟಗಾರ್ತಿ ವಂದನಾ ಕಟಾರಿಯಾ ಅವರ ಮನೆ ಮುಂದೆ ಪಟಾಕಿ ಹೊಡೆದು, ಜಾತಿ ಹಿಡಿದು ಬೈದರೆಂದು ಮನೆಯವರು ಪೊಲೀಸರಿಗೆ ದೂರು ಕೊಡಬೇಕಾಯಿತು. ಅದೇ ಒಲಿಂಪಿಕ್ಸಿನಲ್ಲಿ ದೇಶಕ್ಕೆ ಹ್ಯಾಟ್ರಿಕ್ ಗೋಲು ತಂದುಕೊಟ್ಟ ಹೆಣ್ಣುಮಗಳು ಆಕೆ.

ಹಾಗಾದ್ರೆ ಆಡೋದೇ ಬೇಡ್ವಾ? ಆಡಲೇಬೇಕು. ಆದರೆ ಕೈಕಾಲಿನ ಕಸುವನ್ನೊಂದೇ ನಂಬಿ ಆಡಬಾರದು.

ಒಂದು: ಮೆಟ್ಟಿಲು ತಿಳಿಯಿರಿ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯ ಹರಾಜಿಗೆ ಹಾಸ್ಟೆಲ್ ಅಂಗಳದಿಂದ ನೇರ ಹಾರಲಾಗದು. ಕಾಲೇಜು ತಂಡ, ಜಿಲ್ಲೆ, ರಾಜ್ಯ, ಆಮೇಲೆ ರಾಷ್ಟ್ರೀಯ ಕೂಟ. ಟ್ರಯಲ್ಸ್ ಎಂದು, ಎಲ್ಲಿ ಅನ್ನುವುದನ್ನು ಯಾರೂ ಮನೆಗೆ ಬಂದು ಹೇಳಲ್ಲ. ದಾವಣಗೆರೆಗೆ ಹೋಗಿ ಜಿಲ್ಲಾ ಕ್ರೀಡಾ ಇಲಾಖೆಯಲ್ಲಿ, ಜಿಲ್ಲಾ ಸಂಸ್ಥೆಯಲ್ಲಿ ನಾವೇ ಕೇಳಬೇಕು. ಒಬ್ಬನೇ ಹೋಗಬೇಡಿ, ಹತ್ತು ಜನ ಹೋಗಿ.

ಎರಡು: ಕಾಗದ ಕಾಪಾಡಿ. ಕೇಂದ್ರ ಸರ್ಕಾರದ ಗ್ರೂಪ್ ಸಿ ನೌಕರಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಅರ್ಜಿ ಹಾಕುವಾಗ ಕಪ್ಪು, ಮೆಡಲ್ಲು ತೋರಿಸಿದರೆ ಸಾಲದು. ರಾಜ್ಯದ ಪರವಾಗಿ ರಾಷ್ಟ್ರೀಯ ಕೂಟದಲ್ಲಿ ಆಡಿದವರಿಗೆ ಫಾರಂ 2. ಸಹಿ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯದು. ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡಿದವರಿಗೆ ಫಾರಂ 3. ಸಹಿ ವಿಶ್ವವಿದ್ಯಾಲಯದ ಕ್ರೀಡಾ ಅಧಿಕಾರಿಯದು. ಆಡಿ ಬಂದ ವಾರವೇ ಸಹಿ ಮಾಡಿಸಿಕೊಳ್ಳಿ. ಕಪ್ಪು ಗೋಡೆಗೂಡಲ್ಲಿ ತುಕ್ಕು ಹಿಡಿಯುತ್ತೆ, ಕಾಗದ ಅನ್ನ ಕೊಡುತ್ತೆ.

ಮೂರು: ಆಡುವವನೊಬ್ಬನದೇ ಆಟವಲ್ಲ. ಅಂಪೈರು, ರೆಫರಿ, ಸ್ಕೋರರ್, ಕೋಚು, ಪಿ.ಟಿ. ಮೇಷ್ಟ್ರು, ಫಿಸಿಯೊ, ಇವರೆಲ್ಲರದೂ ಉದ್ಯೋಗವೇ. ಡಿಗ್ರಿ ಆದಮೇಲೆ ಎರಡು ವರ್ಷದ ಬಿ.ಪಿ.ಎಡ್. ಇದೆ. 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಕೋಚ್ ಡಿಪ್ಲೊಮಾ ಇದೆ. ಅಂಪೈರ್, ರೆಫರಿ ಪರೀಕ್ಷೆಗಳನ್ನು ಆಯಾ ಆಟದ ಸಂಸ್ಥೆಗಳು ನಡೆಸುತ್ತವೆ. ಮೊಣಕಾಲು ಒಮ್ಮೆ ತಿರುಚಿದರೆ ರೈಡರನ ಕತೆ ಮುಗೀತು. ವಿಷಲ್ ಹಿಡಿದವನ ಕತೆ ಮುಗಿಯಲ್ಲ. ಅದಕ್ಕೇ ಡಿಗ್ರಿ ಬಿಡಬೇಡಿ. "ಆಟಕ್ಕಾಗಿ ಕಾಲೇಜು ಬಿಟ್ಟೆ" ಅಂದವರು ಮತ್ತೆ ಅಡಿಕೆ ಸುಲಿಯೋ ಕೂಲಿಗೆ ಹೋದದ್ದನ್ನ ನಾವು ಕಂಡಿದ್ದೇವೆ.

ಇನ್ನು ನಮ್ಮ ಹಾಸ್ಟೆಲ್ ಸಂಗತಿ. ನಾವಿದ್ದ ಒಂದು ಹಾಸ್ಟೆಲಿನಲ್ಲಿ ವಾಲಿಬಾಲ್, ನೆಟ್ ಎಲ್ಲ ಬಂದಿತ್ತು, ರಿಜಿಸ್ಟರಿನಲ್ಲಿ. ಸಾಮಾನು ಮಾತ್ರ ಬೀಗದ ಕೋಣೆಯಲ್ಲಿ. "ಹಾಳು ಮಾಡ್ತೀರಿ ಕಣ್ರೋ" ಅಂದರು. ಮೂರು ವರ್ಷ ಅದನ್ನು ಹಾಳು ಮಾಡಿದ್ದು ಇಲಿಗಳು. ನಾವು ಯಾರೂ ಲಿಖಿತವಾಗಿ ಕೇಳಲಿಲ್ಲ. ಅದು ನಮ್ಮ ತಪ್ಪು. ನೀವು ಕೇಳಿ. ಅರ್ಜಿ ಬರೆದು, ಎಲ್ಲರೂ ಸಹಿ ಹಾಕಿ, ಒಂದು ನಕಲು ಇಟ್ಟುಕೊಳ್ಳಿ. ಹೆಣ್ಣುಮಕ್ಕಳ ಹಾಸ್ಟೆಲಿಗೂ ಸಂಜೆ ಒಂದು ಗಂಟೆ ಬಯಲು ಬೇಕು ಅಂತ ಅದೇ ಅರ್ಜಿಯಲ್ಲಿ ಬರೆಯಿರಿ.

ಬಾಳೂ ಎಳೆದ ರೋಲರಿನ ಮೇಲೆ ಬೇರೆಯವರು ನಾಯಕರಾದರು. ಇನ್ನು ಪಿಚ್ಚು ಮಾಡುವವರೂ ನಾವೇ, ಆಡುವವರೂ ನಾವೇ, ಆರಿಸುವ ಮೇಜಿನ ಹಿಂದೆ ಕೂರುವವರೂ ನಾವೇ ಆಗಬೇಕು.

ಓದೋಣ. ಆಡೋಣ. ಮೇಜಿಗೆ ಕುರ್ಚಿ ಎಳೆದುಕೊಳ್ಳೋಣ.

ಜೈ ಭೀಮ್.