ರುದ್ರನಾಟಕದ ಕಠಿಣ ಪದಗಳು

ಹಳಗನ್ನಡದ ಪಾಠವೊಂದು ಎದುರಾದೊಡನೆ ವಿದ್ಯಾರ್ಥಿಯ ಕಣ್ಣು ಮೊದಲು ಹರಿಯುವುದು ಕೊನೆಯ ಪುಟದ ‘ಕಠಿಣ ಪದಗಳ ಅರ್ಥ’ದ ಕಡೆಗೆ. ಒಂದು ಪದ, ಅದರೆದುರಿಗೆ ಒಂದೇ ಅರ್ಥ. ಬಾಯಿಪಾಠ ಮಾಡಿದರೆ ಅಂಕಗಳು ಕೈಸೇರುತ್ತವೆ. ಬೇರೆಡೆ ಈ ಪದ್ಧತಿ ಹೇಗೋ ಸಾಗೀತು, ರುದ್ರನಾಟಕದಲ್ಲಿ ಸಾಗದು.

ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929) ಗ್ರೀಕ್ ಕವಿ ಸೋಫೋಕ್ಲೀಸನ ‘ಏಜಾಕ್ಸ್’ ನಾಟಕದ ಚೌಕಟ್ಟಿನಲ್ಲಿ ಮಹಾಭಾರತದ ವೀರನನ್ನು ನಿಲ್ಲಿಸಿದ ಕೃತಿ. ಚಿರಂಜೀವಿಯೆಂದು ಪುರಾಣಪ್ರಸಿದ್ಧನಾದವನು ಇಲ್ಲಿ ತನ್ನ ಕೈಯಿಂದಲೇ ಮಡಿಯುತ್ತಾನೆ. ಏಜಾಕ್ಸನಂತೂ ತನ್ನ ಕತ್ತಿಯ ಮೇಲೆ ತಾನೇ ಬಿದ್ದವನು. ಇಂತಹ ನಾಟಕವನ್ನು ಓದುವವನಿಗೆ, ಹಳಗನ್ನಡದಲ್ಲಿ ಕತ್ತಿಗೆ ‘ಬಾಳ್’ ಎಂದೂ ಬದುಕಿಗೆ ‘ಬಾೞ್’ ಎಂದೂ ಹೆಸರೆಂಬುದು ತಿಳಿದಿರಬೇಡವೆ? ಕೇಶಿರಾಜನು 13ನೆಯ ಶತಮಾನದಲ್ಲಿಯೇ ೞಕಾರದ ಶಬ್ದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತೆಂದರೆ ಆ ಭೇದ ಆಗಲೇ ಮಾಸುತ್ತಿತ್ತೆಂದು ತಿಳಿಯಬೇಕು. ಇಂದು ಎರಡನ್ನೂ ‘ಬಾಳ್’ ಎಂದೇ ಅಚ್ಚುಮಾಡುವುದುಂಟು. ಆಗ ಕತ್ತಿಯೋ ಬದುಕೋ ಎಂಬುದನ್ನು ನಿರ್ಣಯಿಸಬೇಕಾದದ್ದು ಪಾತ್ರದ ಮಾತು ಮತ್ತು ಸಂದರ್ಭ, ಪದಪಟ್ಟಿಯಲ್ಲ.

‘ಛಲ’ದ ಗತಿಯಂತೂ ಇನ್ನೂ ವಿಚಿತ್ರ. ಸಂಸ್ಕೃತದಲ್ಲಿ ಅದು ಮೋಸ, ನೆಪ. ನ್ಯಾಯಶಾಸ್ತ್ರದ ಹದಿನಾರು ಪದಾರ್ಥಗಳಲ್ಲಿ ಒಂದಾದ ಛಲವೂ ಎದುರಾಳಿಯ ಮಾತಿನ ಅರ್ಥವನ್ನು ತಿರುಚುವ ವಾದವೇ. ಕನ್ನಡಕ್ಕೆ ಬಂದು ಅದು ಹಿಡಿದುದನ್ನು ಬಿಡದ ಬಿಗುಹಾಯಿತು. ರನ್ನನ ‘ಗದಾಯುದ್ಧ’ದ ದುರ್ಯೋಧನನ ಹಿರಿಮೆ ನಿಂತಿರುವುದೇ ಈ ಎರಡನೆಯ ಅರ್ಥದ ಮೇಲೆ. ಸಂಸ್ಕೃತಕೋಶವನ್ನಷ್ಟೇ ನೋಡಿ ‘ಛಲ ಎಂದರೆ ವಂಚನೆ’ ಎಂದು ಬರೆಸಿದರೆ ಮಹಾನುಭಾವನೊಬ್ಬ ಠಕ್ಕನಾಗುತ್ತಾನೆ. ಠಕ್ಕನ ಪತನಕ್ಕೆ ಮರುಗುವವರಾರು? ಅಲ್ಲಿಗೆ ರುದ್ರರಸವೂ ತೀರಿತು.

ಆದುದರಿಂದ ಉಪಾಧ್ಯಾಯರು ಮೊದಲು ಒಂದು ಸನ್ನಿವೇಶವನ್ನಾದರೂ ಪಾತ್ರಗಳನ್ನು ಹಂಚಿ ಗಟ್ಟಿಯಾಗಿ ಓದಿಸಬೇಕು. ತಿಳಿಯದ ಪದಕ್ಕೆ ಮಕ್ಕಳೇ ಸಂದರ್ಭದಿಂದ ಅರ್ಥವನ್ನು ಊಹಿಸಲಿ, ಅನಂತರ ಕೋಶವನ್ನು ತೆರೆಯಲಿ. ಹತ್ತು ಅರ್ಥಗಳಲ್ಲಿ ಇದನ್ನೇ ಏಕೆ ಆಯ್ದೆನೆಂದು ಪ್ರತಿಯೊಬ್ಬನೂ ಒಂದು ವಾಕ್ಯ ಬರೆಯಲಿ. ಪಾಠಪ್ರವಚನದ ಕಾಲಾವಕಾಶ ಕಿರಿದೆಂಬ ಆಕ್ಷೇಪ ನಿಜವೇ. ಆದರೂ ಹೀಗೆ ಕಲಿತ ಐದು ಪದಗಳು ಕಂಠಸ್ಥವಾದ ಐವತ್ತಕ್ಕಿಂತ ಹೆಚ್ಚು ಕಾಲ ನಿಲ್ಲುತ್ತವೆ.

ಇದಕ್ಕೆ ಬೇಕಾದ ಸಾಮಗ್ರಿ ಅಲ್ಪ. 1894ರಲ್ಲಿ ಹೊರಬಂದ ಕಿಟ್ಟೆಲರ ಕೋಶ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಒಂದು ‘ಶಬ್ದಮಣಿದರ್ಪಣ’ – ಇವು ಎಷ್ಟೋ ಶಾಲೆಗಳಲ್ಲಿ ಬೀರುವಿನೊಳಗೆ ಬೀಗಮುದ್ರೆಯಲ್ಲಿವೆ. ದಾನಿಗಳು ಕೊಡುವ ಪ್ರತಿಗಳಾದರೂ ತರಗತಿಯ ಮೇಜಿನ ಮೇಲೆ, ಮಕ್ಕಳ ಕೈಗೆಟಕುವಂತೆ ಇರಲಿ.