ಚಕ್ರದ ಒಳಮೈಯ ಕಲೆ

ಮಳೆಗಾಲ ಹಿಡಿದ ಮೇಲೆ ಯಾವುದಾದರೂ ಶನಿವಾರ ಬೆಳಿಗ್ಗೆ ಸಕಲೇಶಪುರದ ಹೆದ್ದಾರಿ ಬದಿಯ ಹೋಟೆಲುಗಳ ಮುಂದೆ ಐದು ನಿಮಿಷ ನಿಂತು ನೋಡಿ. ನಸುಕಿಗೂ ಮುಂಚೆ ಬೆಂಗಳೂರು ಬಿಟ್ಟು ಬಂದ ಥಾರ್‌ಗಳು, ಜಿಮ್ನಿಗಳು, ಹೊಸದಾಗಿ ಬಣ್ಣ ಕಂಡ ಹಳೆಯ ಜಿಪ್ಸಿಗಳು ಸಾಲಾಗಿ ನಿಂತಿರುತ್ತವೆ. ಹುಡುಗರು ಇಡ್ಲಿ ತಿನ್ನುತ್ತಲೇ ಒಬ್ಬರ ಗಾಡಿಗೆ ಇನ್ನೊಬ್ಬರು ಪ್ರದಕ್ಷಿಣೆ ಬರುತ್ತಾರೆ. ಎಷ್ಟು ಇಂಚಿನ ಟೈರು, ಎಷ್ಟು ಇಂಚು ಲಿಫ್ಟ್, ಒಟ್ಟು ಎಷ್ಟಾಯಿತು. ಮಾತೆಲ್ಲ ಇಷ್ಟರಲ್ಲೇ ಸುತ್ತುತ್ತದೆ. ಬಗ್ಗಿ ಗಾಡಿಯ ಅಡಿಗೆ ಇಣುಕಿದವರನ್ನು ನಾನು ಕಂಡದ್ದು ಕಡಿಮೆ. 33 ಇಂಚಿನ, 35 ಇಂಚಿನ ಟೈರುಗಳನ್ನು ಹೊತ್ತು ತಿರುಗಿಸಬೇಕಾದ ಆಕ್ಸಲ್ ಮಾತ್ರ ಷೋರೂಮಿನಿಂದ ಬಂದ ಹಾಗೆಯೇ ಇರುತ್ತದೆ. ಈ ಉತ್ಸಾಹದ ಮೇಲೆ ನನಗೆ ಸಿಟ್ಟಿಲ್ಲ, ಕಾಡುರಸ್ತೆಯ ಹುಚ್ಚು ನನಗೂ ಇತ್ತು. ಆದರೆ ಇದನ್ನು ನಾನು ಹಿಂದೊಮ್ಮೆ ನೋಡಿದ್ದೇನೆ. ಅದು ಎಲ್ಲಿಗೆ ಹೋಗಿ ನಿಂತಿತೆಂಬುದನ್ನೂ ನೋಡಿದ್ದೇನೆ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಮ್ಮ ಪಕ್ಕದ ತೋಟದಲ್ಲಿ ಒಂದು ಹಳೆಯ ಜೀಪಿತ್ತು. ಕಾಫಿ ಕೊಯ್ಲಿನ ದಿನಗಳಲ್ಲಿ ಆಳುಗಳನ್ನೂ ಮೂಟೆಗಳನ್ನೂ ಅದೇ ಸಾಗಿಸುತ್ತಿತ್ತು. ಮಾಲೀಕರು ಒಂದು ವರ್ಷ ಅದಕ್ಕೆ ದೊಡ್ಡ, ದಪ್ಪ ಹಲ್ಲಿನ ಟೈರು ಹಾಕಿಸಿದರು. ಕೆಸರಿನಲ್ಲಿ ಹೂತುಕೊಳ್ಳುವುದು ನಿಂತಿತು, ಎಲ್ಲರಿಗೂ ಸಮಾಧಾನವಾಯಿತು. ಕೆಲವು ತಿಂಗಳ ಮೇಲೆ ಎಡ ಹಿಂಚಕ್ರದ ಒಳಮೈಯಲ್ಲಿ ಎಣ್ಣೆ ಕಾಣಿಸಿತು. ಹಬ್ಬಿನಿಂದ ಹೊರಟು ಟೈರಿನ ಅಂಚಿನವರೆಗೆ ಸೂರ್ಯನ ಕಿರಣ ಬರೆದಂತೆ ಹರಡಿದ ಕಪ್ಪು ಗೆರೆಗಳು, ಅವುಗಳ ಮೇಲೆ ಮೆತ್ತಿಕೊಂಡ ಧೂಳು. ಸೀಲ್ ಹೋಗಿದೆ ಎಂದು ಡ್ರೈವರ್ ಹೇಳಿದ, ಪೇಟೆಯಲ್ಲಿ ಹೊಸ ಸೀಲ್ ಹಾಕಿಸಿದರು. ತಿಂಗಳೊಳಗೆ ಕಲೆ ಮತ್ತೆ ಬಂತು, ಮತ್ತೊಂದು ಸೀಲ್ ಹಾಕಿಸಿದರು. ಸೀಲ್ ಯಾಕೆ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೂರನೆಯ ಸಲ ಕಲೆ ಬಂದಾಗ, ಕೊಯ್ಲು ಮುಗಿದ ಮೇಲೆ ನೋಡೋಣ ಎಂದರು. ಒಂದು ಸಂಜೆ ಇಳಿಜಾರಿನಲ್ಲಿ ಆ ಚಕ್ರ ಬ್ರೇಕ್ ಡ್ರಮ್ಮನ್ನೂ ಮುರಿದ ಶಾಫ್ಟಿನ ತುಂಡನ್ನೂ ಕಟ್ಟಿಕೊಂಡು ಗಾಡಿಯಿಂದ ಹೊರಬಂದು ತೋಟದೊಳಕ್ಕೆ ಉರುಳಿಹೋಯಿತು. ಜೀಪು ಒಂದು ಸಿಲ್ವರ್ ಓಕ್ ಮರಕ್ಕೆ ಬಡಿದು ನಿಂತಿತು. ಹಿಂದೆ ಒಂಬತ್ತು ಜನ ಹೆಂಗಸರಿದ್ದರು, ಒಬ್ಬಾಕೆಯ ತೋಳು ಮುರಿಯಿತು. ಮರದ ಆಚೆ ಹಳ್ಳ.

ಆ ಮುರಿದ ಶಾಫ್ಟನ್ನು ಮರುದಿನ ಕೈಯಲ್ಲಿ ಹಿಡಿದು ನೋಡಿದೆ. ಮುರಿದ ಮುಖದ ಮುಕ್ಕಾಲು ಪಾಲು ಕಪ್ಪಾಗಿ, ನುಣುಪಾಗಿ, ಮರ ಕಡಿದಾಗ ಕಾಣುವ ಉಂಗುರಗಳ ಹಾಗೆ ಸಾಲು ಸಾಲಾಗಿತ್ತು. ಒಂದು ಅಂಚಿನಲ್ಲಿ ಮಾತ್ರ ಹೊಸದಾಗಿ ಸೀಳಿದ ಕಬ್ಬಿಣ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಆ ಸಂಜೆ ಮುರಿದದ್ದು ಹೊಳೆಯುವ ಅಷ್ಟು ಭಾಗ ಮಾತ್ರ. ಉಳಿದದ್ದು ತಿಂಗಳುಗಳಿಂದ ಮುರಿಯುತ್ತಲೇ ಇತ್ತು.

ಟೈರು ದೊಡ್ಡದಾದರೆ ಇಷ್ಟೆಲ್ಲ ಯಾಕಾಗಬೇಕು? ನೆಲಕ್ಕೂ ಶಾಫ್ಟಿಗೂ ನಡುವಿನ ಟೈರೇ ಒಂದು ಸನ್ನೆಕೋಲು. ಅದು ಉದ್ದವಾದಷ್ಟೂ ತಿರುಚುವ ಬಲ ಹೆಚ್ಚು. ಥಾರ್‌ಗೆ ಬರುವ 255/65 ಆರ್ 18 ಟೈರಿನ ಎತ್ತರ ಸುಮಾರು 31 ಇಂಚು. ಅಲ್ಲಿ 35 ಇಂಚಿನದನ್ನು ಕೂರಿಸಿದರೆ, ಚಕ್ರಕ್ಕೆ ಅದೇ ಹಿಡಿತ ಸಿಕ್ಕರೂ ಶಾಫ್ಟಿನ ಮೇಲೆ ಬೀಳುವ ತಿರುಚು ಶೇಕಡಾ 13ರಷ್ಟು ಏರುತ್ತದೆ. ಹದಿಮೂರು ತಾನೇ ಎಂದು ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ದಿನವೂ ಬಗ್ಗಿ ತಿರುಚಿಕೊಳ್ಳುವ ಉಕ್ಕಿನ ಆಯಸ್ಸು ಅದಕ್ಕಿಂತ ಎಷ್ಟೋ ವೇಗವಾಗಿ ಇಳಿಯುತ್ತದೆ. ಅಂಥ ಒಂದೊಂದು ಮಡ್ ಟೈರಿನ ತೂಕವೇ 30 ಕಿಲೋ ದಾಟುತ್ತದೆ. ಬಂಡೆಯ ಮೇಲೆ ಗಿರಗಿರನೆ ಜಾರುತ್ತಿದ್ದ ಅಷ್ಟು ಭಾರದ ಚಕ್ರ ತಟಕ್ಕನೆ ಹಿಡಿತ ಸಿಕ್ಕಿ ನಿಂತಾಗ, ತಿರುಗುತ್ತಿದ್ದ ಅದರ ಶಕ್ತಿಯೆಲ್ಲ ಒಂದೇ ಏಟಿಗೆ ಹೋಗಿ ಬೀಳುವುದು ಶಾಫ್ಟಿನ ಹಲ್ಲುಗಳ ಮೇಲೆ, ಅದನ್ನು ತಿರುಗಿಸುವ ಕ್ರೌನ್ ಪಿನಿಯನ್ ಗೇರುಗಳ ಮೇಲೆ. ಹಳೆಯ ಜೀಪುಗಳ 6.00-16 ಟೈರು ಕಿರಿದಾಗಿತ್ತು, ಕೆಸರಿನಲ್ಲಿ ಜಾರುತ್ತಿತ್ತು. ಆ ಜಾರುವಿಕೆಯೇ ಆಕ್ಸಲ್ಲನ್ನು ಕಾಯುತ್ತಿತ್ತು. ಬ್ರೇಕಿನ ಲೆಕ್ಕವೂ ಹೀಗೆಯೇ: ಗಾಡಿಯನ್ನು ನಿಲ್ಲಿಸಲು ಅಷ್ಟೇ ಹೆಚ್ಚು ಬಲ ಬೇಕು. ಸಾಲದ್ದಕ್ಕೆ ಸ್ಪೀಡೋಮೀಟರ್ 80 ಎಂದು ತೋರಿಸುವಾಗ ಗಾಡಿ 90ರಲ್ಲಿ ಓಡುತ್ತಿರುತ್ತದೆ.

ನಮ್ಮ ಗಾಡಿಗಳ ಹಿಂದಿನ ಆಕ್ಸಲ್ ಸಾಮಾನ್ಯವಾಗಿ ಸೆಮಿ ಫ್ಲೋಟಿಂಗ್. ಎಂದರೆ ಒಂದೇ ಶಾಫ್ಟು ಚಕ್ರವನ್ನು ತಿರುಗಿಸಲೂ ಬೇಕು, ಗಾಡಿಯ ಭಾರವನ್ನು ಹೊರಲೂ ಬೇಕು. ಶಾಫ್ಟು ಮುರಿದರೆ ಚಕ್ರಕ್ಕೆ ಗಾಡಿಯ ಋಣವೇ ಹರಿಯಬಹುದು. ಫುಲ್ ಫ್ಲೋಟಿಂಗ್ ಬಗೆಯಲ್ಲಿ ಭಾರವನ್ನು ಆಕ್ಸಲ್ಲಿನ ಹೊರಕವಚವಾದ ಹೌಸಿಂಗ್ ಮೇಲಿನ ಹಬ್ಬು ಹೊರುತ್ತದೆ. ಶಾಫ್ಟಿಗೆ ತಿರುಗಿಸುವುದೊಂದೇ ಕೆಲಸ, ಅದು ಮುರಿದರೂ ಚಕ್ರ ತನ್ನ ಜಾಗದಲ್ಲೇ ಇರುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಆಗಿತ್ತು. ಆಮೇಲೆ ಜೀಪುಗಳು ನಾಗರಿಕರ ಕೈಗೆ ಬಂದಾಗ ಆ ಏರ್ಪಾಡು ಹೋಯಿತು. ಕಂಪನಿಯ ಟೈರು, ಕಂಪನಿ ಹೇಳಿದ ಭಾರ ಇದ್ದಷ್ಟು ದಿನ ಸೆಮಿ ಫ್ಲೋಟಿಂಗಿನಿಂದ ತೊಂದರೆಯೇನೂ ಇಲ್ಲ. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ನಾವು ಈಗ ಇರುವೆಯ ಮೇಲೆ ಅಂಬಾರಿ ಕಟ್ಟುತ್ತಿದ್ದೇವೆ.

ತಯಾರಕರು ಏನು ಮಾಡಿದರೆಂದು ನೋಡಿದರೂ ಸಾಕು, ಬುದ್ಧಿ ಬರಬೇಕು. 2003ರ ಮಾದರಿಯಾಗಿ ಅಮೆರಿಕದಲ್ಲಿ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಬಂದಾಗ ಅದರ ಟೈರು 245/75 ಆರ್ 16, ಅಂದರೆ 31 ಇಂಚಿಗೂ ತುಸು ಕಡಿಮೆ. ಅಷ್ಟಕ್ಕೇ ಹಿಂದೆ ಮುಂದೆ ಎರಡೂ ಕಡೆ ಡಾನಾ 44 ಎಂಬ ಗಟ್ಟಿ ಆಕ್ಸಲ್ ಕೊಟ್ಟಿದ್ದರು. ಅದೇ ಗಾಡಿಗೆ ಕಾರ್ಖಾನೆಯಿಂದಲೇ 35 ಇಂಚಿನ ಟೈರು ಸಿಗಲು 2021ರವರೆಗೆ ಕಾಯಬೇಕಾಯಿತು. ಆಗಲೂ ಆಕ್ಸಲ್ಲಿನ ಗೇರ್ ಅನುಪಾತ ಬದಲಿಸಿಯೇ ಕೊಟ್ಟರು. 2024ರ ರೂಬಿಕಾನ್‌ಗೆ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಆಯಿತು. ಕೈತುಂಬ ಎಂಜಿನಿಯರುಗಳಿರುವವರು ಇಷ್ಟು ಹಿಂದೆ ಮುಂದೆ ನೋಡಿ ಇಟ್ಟ ಹೆಜ್ಜೆಯನ್ನು ನಾವು ಒಂದು ಮಧ್ಯಾಹ್ನ ಟೈರ್ ಅಂಗಡಿಯ ಮುಂದೆ ಇಟ್ಟುಬಿಡುತ್ತೇವೆ.

ಆಕ್ಸಲ್ ಬಲಪಡಿಸುವವರಲ್ಲೂ ಅರೆಬರೆ ಕೆಲಸವೇ ಹೆಚ್ಚು. ಕ್ರೋಮೋಲಿ ಉಕ್ಕಿನ ಶಾಫ್ಟು ಹಾಕಿಸಿ ನಿಶ್ಚಿಂತರಾಗುತ್ತಾರೆ. ಶಾಫ್ಟು ಗಟ್ಟಿಯಾದರೆ ಏಟು ಕ್ರೌನ್ ಪಿನಿಯನ್‌ಗೆ ಹೋಗುತ್ತದೆ. ದೊಡ್ಡ ಟೈರಿಗೆ ಎಳೆತ ಸಾಲದೆಂದು ಅನುಪಾತವನ್ನು 4.10ರಿಂದ 4.88ಕ್ಕೆ ಏರಿಸಿದರೆ ಪಿನಿಯನ್ನಿನ ಹಲ್ಲು 10ರಿಂದ 8ಕ್ಕೆ ಇಳಿದು, ಪಿನಿಯನ್ ತಾನೇ ಸಣ್ಣದಾಗುತ್ತದೆ. ಅದಕ್ಕೇ ಕೊನೆಗೆ ಇಡೀ ಆಕ್ಸಲ್ಲೇ ದೊಡ್ಡದಾಗಬೇಕು. ಡಾನಾ 44ರ ಕ್ರೌನ್ ಸುಮಾರು ಎಂಟೂವರೆ ಇಂಚು, ಅದಕ್ಕಿಂತ ದೊಡ್ಡದಾದ ಡಾನಾ 60ರದ್ದು ಒಂಬತ್ತೂ ಮುಕ್ಕಾಲು. 30 ಹಲ್ಲಿನ ಶಾಫ್ಟು 1.31 ಇಂಚು ದಪ್ಪ, 35 ಹಲ್ಲಿನದು 1.5 ಇಂಚು. ಕಣ್ಣಿಗೆ ಗೊತ್ತೂ ಆಗದ ವ್ಯತ್ಯಾಸ, ಆದರೆ ತಾಳುವ ಶಕ್ತಿ ಒಂದೂವರೆ ಪಟ್ಟು. ಜೊತೆಗೆ ಹೌಸಿಂಗಿಗೆ ಬಲಪಟ್ಟಿ, ದೊಡ್ಡ ಬ್ರೇಕು, ಹೊಸ ಬೇರಿಂಗು. ಖರ್ಚು ಟೈರಿನ ಖರ್ಚನ್ನು ಎಷ್ಟೋ ಮೀರುತ್ತದೆ. ಅಷ್ಟು ಕೈಗೆಟುಕದಿದ್ದರೆ ಟೈರು ಚಿಕ್ಕದೇ ಇರಲಿ, ಅದರಲ್ಲಿ ಅವಮಾನವೇನಿಲ್ಲ.

ಸೂಚನೆಗಳು ಮೊದಲೇ ಬರುತ್ತವೆ. ನಮಗೆ ನೋಡುವ ವ್ಯವಧಾನ ಇರುವುದಿಲ್ಲ, ಅಷ್ಟೆ. ಚಕ್ರದ ಒಳಮೈಯ ಎಣ್ಣೆ ಮೊದಲನೆಯದು: ಸೀಲ್ ತಾನಾಗಿ ಹೋಗುವುದು ಕಡಿಮೆ, ಬೇರಿಂಗ್ ಸಡಿಲಾದಾಗ ಅಥವಾ ಹೌಸಿಂಗ್ ಬಗ್ಗಿದಾಗ ಶಾಫ್ಟು ಒಂದೇ ಮಗ್ಗುಲಿಗೆ ಒತ್ತಿ ಸೀಲನ್ನು ತಿನ್ನುತ್ತದೆ. ಹಿಂದಿನ ಟೈರು ಒಳಅಂಚಿನಲ್ಲಿ ಮಾತ್ರ ಸವೆಯುತ್ತಿದ್ದರೆ ಹೌಸಿಂಗ್ ಬಗ್ಗಿರಬಹುದು. ಆಕ್ಸಿಲರೇಟರಿನಿಂದ ಕಾಲು ಎತ್ತಿದಾಗ ಒಂದು ಸ್ವರ, ತುಳಿದಾಗ ಇನ್ನೊಂದು ಸ್ವರ ಕೇಳಿಸಿದರೆ ಕ್ರೌನ್ ಪಿನಿಯನ್ ಸರಿಯಾಗಿ ಕೂಡುತ್ತಿಲ್ಲ. ಗೇರ್ ಆಯಿಲ್ ಬಸಿಯುವ ಪ್ಲಗ್ಗಿನ ಆಯಸ್ಕಾಂತದ ಮೇಲೆ ಕಾಡಿಗೆಯಂಥ ನುಣ್ಣನೆ ಲೇಪ ಇದ್ದರೆ ಹೆದರಬೇಕಿಲ್ಲ. ನುಚ್ಚಿನಂಥ ಚೂರು ಬೆರಳಿಗೆ ಚುಚ್ಚಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಹಳ್ಳ ದಾಟುವಾಗ ನೀರು ಒಳಹೊಕ್ಕಿದೆ. ಶಾಫ್ಟನ್ನು ಹೊರಗೆಳೆದಾಗ ಅದರ ನೇರ ಹಲ್ಲುಗಳು ಹಗ್ಗದ ಹುರಿಯ ಹಾಗೆ ಓರೆಯಾಗಿ ಕಂಡರೆ, ಅದು ಇನ್ನೂ ಮುರಿದಿಲ್ಲ ಎಂಬುದಷ್ಟೇ ಉಳಿದಿರುವ ಅದೃಷ್ಟ.

ಕಾನೂನೂ ಸುಮ್ಮನಿಲ್ಲ. ನೋಂದಣಿ ಪತ್ರದ ವಿವರ ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕೆ ಹೊಂದದ ಹಾಗೆ ವಾಹನ ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆದರೆ ನಮ್ಮವರ ಹೆದರಿಕೆ ದಂಡದ್ದು ಮಾತ್ರ. ಪೊಲೀಸರ ಕಣ್ಣಿಗೆ ಟೈರು ಬೀಳುತ್ತದೆ. ಬಿರುಕು ಬಿಟ್ಟ ಶಾಫ್ಟು ಬೀಳುವುದಿಲ್ಲ.

ಹೇಳಿದರೆ ಸಿಗುವ ಉತ್ತರ ಅಂದಿಗೂ ಇಂದಿಗೂ ಒಂದೇ: ‘ಇಷ್ಟು ದಿನ ಏನೂ ಆಗಿಲ್ವಲ್ಲ.’ ಆ ಜೀಪಿನ ಶಾಫ್ಟಿನಲ್ಲಿ ಒಂದೊಂದು ಉಂಗುರ ಮೂಡಿದ್ದೂ ಏನೂ ಆಗದ ದಿನಗಳಲ್ಲೇ.

ಮೊನ್ನೆ ಪೇಟೆಯ ಪೆಟ್ರೋಲ್ ಬಂಕಿನಲ್ಲಿ ಹೊಚ್ಚಹೊಸ ಟೈರಿನ ಒಂದು ಗಾಡಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮಗುವೊಂದು ಕಿಟಕಿಗೆ ಮೂಗು ಒತ್ತಿ ನೋಡುತ್ತಿತ್ತು. ಅಭ್ಯಾಸಬಲದಿಂದ ಬಗ್ಗಿದೆ. ಎಡ ಹಿಂಚಕ್ರದ ಒಳಮೈಯಲ್ಲಿ ಕಿರಣಗಳಂಥ ಗೆರೆಗಳು, ಒದ್ದೆ. ಗಾಡಿಯ ಹುಡುಗನನ್ನು ಕರೆದು ತೋರಿಸಿದೆ. ಅವನು ಮರ್ಯಾದೆಯಿಂದಲೇ ಬಗ್ಗಿ ನೋಡಿ, ‘ಮಳೆ ನೀರು ಸಾರ್’ ಎಂದು ಗಾಡಿ ಹತ್ತಿದ.

ಮಳೆ ಬಿಟ್ಟು ಎಂಟು ದಿನವಾಗಿತ್ತು.